ತಟ್ಟೆಯಲ್ಲಿ ಸತ್ತ ಕೋಶ, ಇಲಿಯಲ್ಲಿ ಇಳಿದ ಸಕ್ಕರೆ: ಔಷಧ ಪರೀಕ್ಷೆ ದಾರಿ ತಪ್ಪುವುದೆಲ್ಲಿ?

‘ಕಪ್ಪತಗುಡ್ಡದ ಗಿಡದಲ್ಲಿ ಕ್ಯಾನ್ಸರ್ ನಿರೋಧಕ ಗುಣ’ ಎಂಬ ಧಾಟಿಯ ತಲೆಬರಹ ನಮ್ಮ ಭಾಗದ ಓದುಗರಿಗೆ ಹೊಸದಲ್ಲ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಮೈಚಾಚಿದ ಆ ಗುಡ್ಡಸಾಲು ಔಷಧಿ ಸಸ್ಯಗಳಿಗೆ ಹೆಸರಾಗಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಫಾರ್ಮಸಿ ಕಾಲೇಜು, ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊರತೆಯಿಲ್ಲ. ಎಲೆಯನ್ನೋ ಬೇರನ್ನೋ ಒಣಗಿಸಿ, ಎಥನಾಲಿನಲ್ಲಿ ಸಾರ ಇಳಿಸಿ, ಕೋಶಗಳ ಮೇಲೆ ಅಥವಾ ಬಿಳಿ ಇಲಿಗಳ ಮೇಲೆ ಪ್ರಯೋಗಿಸಿ ಥೀಸಿಸ್ ಬರೆಯುವುದು ಇಂಥ ಕಾಲೇಜುಗಳಲ್ಲಿ ವಾಡಿಕೆಯ ಕೆಲಸ. ಸಾರ ಹಾಕಿದ ಮೇಲೆ ಕೋಶ ಸತ್ತರೆ ಸುದ್ದಿಯಾಗುತ್ತದೆ. ಆದರೆ ಕೋಶ ಕೊಲ್ಲುವುದು ದೊಡ್ಡ ಮಾತಲ್ಲ. ಬ್ಲೀಚಿಂಗ್ ಪುಡಿ ಕೊಲ್ಲುತ್ತದೆ, ಸುಣ್ಣದ ತಿಳಿನೀರೂ ಕೊಲ್ಲುತ್ತದೆ.

ಈ ಮಾತು ಈಗ ಎತ್ತಲು ಕಾರಣವಿದೆ. ಔಷಧವನ್ನು ಮನುಷ್ಯರಿಗೆ ಕೊಡುವ ಮುಂಚೆ ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕು ಎಂದು 1938ರಿಂದ ನಡೆದುಬಂದ ಕಟ್ಟಳೆಯನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ಭಾರತವೂ 2019ರ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ 2023ರ ಮಾರ್ಚ್‌ನಲ್ಲಿ ತಿದ್ದುಪಡಿ ತಂದು, ಕೋಶಾಧಾರಿತ ಪರೀಕ್ಷೆ, ಅಂಗ-ಚಿಪ್ (ಮನುಷ್ಯರ ಅಂಗದ ಕೋಶಗಳನ್ನು ಬೆಳೆಸಿದ ಕಿರು ಸಾಧನ), ಕಂಪ್ಯೂಟರ್ ಮಾದರಿಗಳ ಫಲಿತಾಂಶಕ್ಕೂ ಬಾಗಿಲು ತೆರೆಯಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊನೊಕ್ಲೋನಲ್ ಆ್ಯಂಟಿಬಾಡಿ (ಒಂದೇ ಗುರಿಗೆ ಅಂಟುವಂತೆ ತಯಾರಿಸಿದ ಪ್ರತಿಕಾಯ) ಔಷಧಗಳಿಂದ ಶುರುಮಾಡಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ಅಂದಿನಿಂದ ಸೆಮಿನಾರುಗಳಲ್ಲಿ ಇಲಿಯೋ ಚಿಪ್ಪೋ ಎಂಬ ಒಂದೇ ಚರ್ಚೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆಯೇ ಇದೆ: ಈ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹೇಳಬಲ್ಲದು, ನಾವು ಅದರ ಬಾಯಲ್ಲಿ ಯಾವ ಉತ್ತರ ಹೇಳಿಸುತ್ತಿದ್ದೇವೆ? ಪ್ರಶ್ನೆ ತಪ್ಪಿದ್ದರೆ ಇಲಿಯಷ್ಟೇ ಸಲೀಸಾಗಿ ಚಿಪ್ಪೂ ಸುಳ್ಳು ಹೇಳುತ್ತದೆ.

ನೇರಳೆ ಬಣ್ಣದ ಮೋಸ

ಕೋಶಗಳ ಮೇಲಿನ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಂಟಿಟಿ ಎಂಬ ಬಣ್ಣದ ಪರೀಕ್ಷೆ. 1983ರಿಂದ ಚಾಲ್ತಿಯಲ್ಲಿದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಗುಳಿಗೆ 100 ಮೈಕ್ರೊಲೀಟರ್ ಮಾಧ್ಯಮದಲ್ಲಿ 5,000ದಿಂದ 10,000 ಕೋಶ ಬಿಡುತ್ತಾರೆ. ಒಂದು ರಾತ್ರಿಯಲ್ಲಿ ಅವು ತಳಕ್ಕೆ ಅಂಟಿಕೊಳ್ಳುತ್ತವೆ. ಮರುದಿನ ಬೇರೆಬೇರೆ ಪ್ರಮಾಣದ ಸಾರ ಹಾಕಿ 24ರಿಂದ 72 ತಾಸು ಬಿಡಬೇಕು. ಆಮೇಲೆ ಮಿಲಿಲೀಟರಿಗೆ 5 ಮಿ.ಗ್ರಾಂ ಇರುವ ಹಳದಿ ಎಂಟಿಟಿ ದ್ರಾವಣವನ್ನು 10 ಮೈಕ್ರೊಲೀಟರ್ ಹಾಕಿ ಮೂರು-ನಾಲ್ಕು ತಾಸು 37 ಡಿಗ್ರಿಯಲ್ಲಿಡುತ್ತಾರೆ. ಜೀವಂತ ಕೋಶ ಆ ಹಳದಿಯನ್ನು ನೇರಳೆ ಹರಳಾಗಿ ಬದಲಿಸುತ್ತದೆ. ಹರಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದರೆ, ನೇರಳೆ ಗಾಢವಾದಷ್ಟೂ ಬದುಕಿದ ಕೋಶ ಹೆಚ್ಚು ಎಂದು ಲೆಕ್ಕ.

ಗಿಡದ ಸಾರಕ್ಕೆ ಈ ಲೆಕ್ಕ ಕೈಕೊಡುವುದು ಇಲ್ಲೇ. ಎಂಟಿಟಿಯನ್ನು ನೇರಳೆ ಮಾಡಲು ಕೋಶವೇ ಬೇಕೆಂದಿಲ್ಲ, ಎಷ್ಟೋ ಉತ್ಕರ್ಷಣ ನಿರೋಧಕ ವಸ್ತುಗಳೂ ಸಾಕು. ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಅಳಲೆಕಾಯಿಯಂಥ ಪಾಲಿಫಿನಾಲ್ ತುಂಬಿದ ಸಾರಗಳು ತಾವೇ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಕೋಶಗಳೆಲ್ಲ ಸತ್ತಿದ್ದರೂ ಯಂತ್ರ ‘ಬದುಕಿವೆ’ ಎನ್ನುತ್ತದೆ, ‘ಸಾರ ಸುರಕ್ಷಿತ’ ಎಂದು ಥೀಸಿಸ್ ಬರೆದಾಗುತ್ತದೆ. ತಡೆಯುವ ಉಪಾಯ ಅಗ್ಗದ್ದೇ. ಕೋಶವಿಲ್ಲದ ಗುಳಿಗಳಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡುವುದು. ನೇರಳೆ ಬಂದರೆ, ಎಂಟಿಟಿ ಹಾಕುವ ಮುಂಚೆ ಸಾರವನ್ನು ತೆಗೆದು ಕೋಶಗಳನ್ನು ಬಫರಿನಲ್ಲಿ ತೊಳೆಯುವುದು, ಇಲ್ಲವೇ ಪ್ರೋಟೀನಿಗೆ ಬಣ್ಣ ಹಿಡಿಸುವ ಎಸ್‌ಆರ್‌ಬಿ ವಿಧಾನಕ್ಕೆ ಹೋಗುವುದು. ನಾಲ್ಕೇ ಗುಳಿಗಳ ಈ ಕಂಟ್ರೋಲ್ (ಹೋಲಿಕೆಯ ಗುಳಿ) ಇಲ್ಲದ ಪ್ರಬಂಧವನ್ನು ಮುಂದೆ ಓದುವ ಅಗತ್ಯವಿಲ್ಲ.

ಉಳಿದ ತೊಡಕುಗಳೂ ಗೊತ್ತಿರುವಂಥವೇ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಶೇ 0.5 ದಾಟಿದರೆ ಅದೇ ಕೋಶಕ್ಕೆ ತೊಂದರೆ ಕೊಡಬಹುದು. ಹಾಗಾಗಿ ಸಾರವಿಲ್ಲದೆ ಅಷ್ಟೇ ಡಿಎಂಎಸ್‌ಒ ಹಾಕಿದ ಗುಳಿ ಇರಲೇಬೇಕು. ತಟ್ಟೆಯ ಅಂಚಿನ ಗುಳಿಗಳಲ್ಲಿ ನೀರು ಬೇಗ ಆವಿಯಾಗುತ್ತದೆ. ಅಲ್ಲಿ ಬರೀ ಬಫರ್ ತುಂಬಿ ಒಳಗಿನ 60 ಗುಳಿಗಳನ್ನಷ್ಟೇ ಬಳಸುವುದು ಜಾಣತನ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ತರಿಸಿದ ಕೋಶವಂಶವನ್ನು ಲ್ಯಾಬಿನಿಂದ ಲ್ಯಾಬಿಗೆ ಕೈಬದಲು ಹಂಚಿಕೊಳ್ಳುತ್ತ ಹೋದರೆ ಎರಡು ಅಪಾಯ: ಒಂದು, ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಸೋಂಕು. ಅದು ಮಾಧ್ಯಮವನ್ನು ಕದಡುವುದಿಲ್ಲ, ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಪಿಸಿಆರ್‌ನಂಥ ವಿಶೇಷ ಪರೀಕ್ಷೆ ಮಾಡಿದರಷ್ಟೇ ಸಿಗುತ್ತದೆ. ಎರಡು, ಹೆಸರು ಒಂದು, ಕೋಶ ಇನ್ನೊಂದು ಆಗಿಬಿಡುವುದು.

ಯಕೃತ್ತಿನ ಪ್ರಶ್ನೆಗೆ ಹೆಪ್‌ಜಿ2 ಎಂಬ ಕೋಶವನ್ನು ಕೇಳುವುದು ಇನ್ನೊಂದು ರೂಢಿಗತ ತಪ್ಪು. ಔಷಧವನ್ನು ಒಡೆಯುವ ಸಿವೈಪಿ ಕಿಣ್ವಗಳು ಅದರಲ್ಲಿ ಬಹಳ ಕಡಿಮೆ. ಎಷ್ಟೋ ಔಷಧಗಳಲ್ಲಿ ವಿಷವಿರುವುದು ನುಂಗಿದ ವಸ್ತುವಿನಲ್ಲಲ್ಲ, ಯಕೃತ್ತು ಅದನ್ನು ಒಡೆದಾಗ ಹುಟ್ಟುವ ತುಣುಕಿನಲ್ಲಿ. ಒಡೆಯಲು ಬಾರದ ಕೋಶಕ್ಕೆ ಆ ವಿಷ ತಾಗುವುದೇ ಇಲ್ಲ.

ಇನ್ನು ಪ್ರಮಾಣ. ಕಚ್ಚಾ ಸಾರ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಇದ್ದಾಗ ಅರ್ಧ ಕೋಶ ಸತ್ತವು ಎಂದುಕೊಳ್ಳೋಣ. ಅಂದರೆ ಲೀಟರಿಗೆ 100 ಮಿ.ಗ್ರಾಂ. 60 ಕಿಲೋ ತೂಕದವರ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅಷ್ಟರಲ್ಲೂ ಆ ಸಾಂದ್ರತೆ ಬರಬೇಕಾದರೆ 3.6 ಗ್ರಾಂ ಸಾರ ರಕ್ತಕ್ಕೆ ಸೇರಬೇಕು. ನುಂಗಿದ್ದರಲ್ಲಿ ಶೇ 5 ಮಾತ್ರ ಕರುಳು ಹೀರಿಕೊಂಡಿತು ಎಂದಿಟ್ಟುಕೊಂಡರೆ 72 ಗ್ರಾಂ ಸಾರ ನುಂಗಬೇಕು. ಒಣ ಎಲೆಯಿಂದ ಹತ್ತನೇ ಒಂದು ಪಾಲು ಸಾರ ಇಳಿಯುತ್ತದೆ ಎಂದಾದರೆ 720 ಗ್ರಾಂ ಎಲೆಯಾಯಿತು. ಒಪ್ಪತ್ತಿಗೆ ಮುಕ್ಕಾಲು ಕಿಲೋ ಒಣ ಎಲೆ! ಇದು ಒರಟು ಲೆಕ್ಕವೇ, ಆದರೆ ಈ ಒರಟು ಲೆಕ್ಕವನ್ನೂ ಹಾಕದೆ ಸುದ್ದಿ ಹೊರಡುತ್ತದೆ. ಕಚ್ಚಾ ಸಾರದ ಐಸಿ50 (ಅರ್ಧ ಕೋಶ ಸಾಯುವ ಪ್ರಮಾಣ) ಮಿಲಿಲೀಟರಿಗೆ 30 ಮೈಕ್ರೊಗ್ರಾಂಗಿಂತ ಕೆಳಗಿದ್ದರಷ್ಟೇ ಮುಂದುವರಿಯಬೇಕು ಎಂಬ ಹಳೆಯ ಮಾನದಂಡ ಹುಟ್ಟಿದ್ದು ಇದಕ್ಕಾಗಿಯೇ. ನಮ್ಮ ಅರಿಷಿನದ ಕರ್ಕ್ಯುಮಿನ್ ತಟ್ಟೆಯಲ್ಲಿ 10ರಿಂದ 50 ಮೈಕ್ರೊಮೋಲಾರ್‌ನಲ್ಲಿ ಪವಾಡವನ್ನೇ ತೋರುತ್ತದೆ. ದಿನಕ್ಕೆ 8 ಗ್ರಾಂ ನುಂಗಿಸಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಎರಡು ಮೈಕ್ರೊಮೋಲಾರ್ ಒಳಗೆ.

ಹೀರಿಕೆಯ ಪ್ರಶ್ನೆಗೆ ಉತ್ತರ ಹುಡುಕಲು ಇಲಿಯೂ ಬೇಕಿಲ್ಲ, ಚಿಪ್ಪೂ ಬೇಕಿಲ್ಲ. ಊಟಕ್ಕೆಂದು ಕಡಿದ ಆಡಿನ ಸಣ್ಣ ಕರುಳನ್ನು ತಣ್ಣನೆಯ ಕ್ರೆಬ್ಸ್ ಎಂಬ ಲವಣದ ದ್ರಾವಣದಲ್ಲಿಟ್ಟು ತಡಮಾಡದೆ ತಂದು, ಒಳಮೈ ಹೊರಗೆ ಬರುವಂತೆ ಮಗುಚಿ, ಎರಡೂ ತುದಿ ಕಟ್ಟಿ, 37 ಡಿಗ್ರಿಯಲ್ಲಿ ಆಮ್ಲಜನಕದ ಗುಳ್ಳೆ ಹಾಯಿಸುತ್ತ ಔಷಧದ ದ್ರಾವಣದಲ್ಲಿ ಮುಳುಗಿಸಿದರೆ, ಎಷ್ಟು ಔಷಧ ಒಳಗೆ ದಾಟಿತು ಎಂದು ಅಳೆಯಬಹುದು. ತಡವಾದರೆ ಕರುಳಿನ ಒಳಪದರು ಸತ್ತು ಜರಡಿಯಾಗುತ್ತದೆ, ಏನು ಹಾಕಿದರೂ ದಾಟುತ್ತದೆ. ಆಗ ಹೀರಿಕೆ ‘ಅದ್ಭುತ’ವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಒಳಪದರು ಬದುಕಿದೆಯೇ ಎಂದು ತಿಳಿಯಲು, ಸುಲಭಕ್ಕೆ ದಾಟದ ಫೀನಾಲ್ ರೆಡ್‌ನಂಥ ಬಣ್ಣವನ್ನು ಜೊತೆಗೆ ಹಾಕಿ ನೋಡುತ್ತಾರೆ.

ಇಲಿಯಲ್ಲಿ ಸಕ್ಕರೆ ಇಳಿಯಿತು, ಆದರೆ ಯಾವ ಸಕ್ಕರೆ?

ಮಧುಮೇಹದ ಗಿಡಮೂಲಿಕೆ ಸಂಶೋಧನೆಯಲ್ಲಿ ಇಲಿಗೆ ಮಧುಮೇಹ ತರಿಸಲು ತೀರ ಹೆಚ್ಚು ಬಳಕೆಯಾಗುವ ವಿಷ ಸ್ಟ್ರೆಪ್ಟೊಜೊಟೊಸಿನ್. ರಾತ್ರಿ ಉಪವಾಸವಿದ್ದ ವಿಸ್ಟಾರ್ ತಳಿಯ ಇಲಿಗೆ ಕಿಲೋ ತೂಕಕ್ಕೆ 50ರಿಂದ 65 ಮಿ.ಗ್ರಾಂ ಚುಚ್ಚುತ್ತಾರೆ. ಪುಡಿಯನ್ನು ಪಿಎಚ್ 4.5ರ ತಣ್ಣನೆಯ ಸಿಟ್ರೇಟ್ ಬಫರಿನಲ್ಲಿ ಕರಗಿಸಿದ ಹತ್ತು-ಹದಿನೈದು ನಿಮಿಷದೊಳಗೆ ಚುಚ್ಚಿ ಮುಗಿಸಬೇಕು, ಅದು ನೀರಿನಲ್ಲಿ ಬೇಗ ಕೆಡುತ್ತದೆ. ಮೂವತ್ತು ಇಲಿಗೆ ಒಂದೇ ಸಲ ಕರಗಿಸಿಟ್ಟುಕೊಂಡು ಒಬ್ಬರೇ ಚುಚ್ಚುತ್ತ ಕೂತರೆ ಮೊದಲ ಇಲಿಗೆ ಸಿಕ್ಕ ವಿಷ ಕೊನೆಯದಕ್ಕೆ ಸಿಗುವುದಿಲ್ಲ. ಆಮೇಲೆ ‘ಕೆಲವು ಇಲಿಗಳಲ್ಲಿ ಮಧುಮೇಹ ಬರಲಿಲ್ಲ’ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇನ್ಸುಲಿನ್ ತಯಾರಿಸುವ, ಈ ವಿಷಕ್ಕೆ ಸಾಯುತ್ತಿರುವ ಬೀಟಾ ಕೋಶಗಳು ತಮ್ಮೊಳಗಿನ ಇನ್ಸುಲಿನ್ನನ್ನು ಒಮ್ಮೆಲೇ ಚೆಲ್ಲುವುದರಿಂದ ಮೊದಲ ದಿನ ಸಕ್ಕರೆ ಪಾತಾಳಕ್ಕಿಳಿದು ಇಲಿ ಸಾಯಬಹುದು. ಅದಕ್ಕೇ ಕುಡಿಯುವ ನೀರಿಗೆ ಶೇ 5ರಿಂದ 10 ಗ್ಲೂಕೋಸ್ ಬೆರೆಸಿಡುವುದು. 72 ತಾಸಿನ ನಂತರ ಬಾಲದ ರಕ್ತದಲ್ಲಿ ಸಕ್ಕರೆ 250 ದಾಟಿದ ಇಲಿಗಳನ್ನಷ್ಟೇ ಪ್ರಯೋಗಕ್ಕೆ ಆರಿಸುತ್ತಾರೆ.

ಈಗ ಪ್ರಶ್ನೆಗೆ ಬರೋಣ. ಈ ಇಲಿಯಲ್ಲಿ ಬೀಟಾ ಕೋಶ ಸತ್ತಿವೆ, ಅಂದರೆ ಇದು ಟೈಪ್ 1ಕ್ಕೆ ಹತ್ತಿರದ ರೋಗ. ಹುಬ್ಬಳ್ಳಿಯ ಯಾವ ಆಸ್ಪತ್ರೆಯ ಸಕ್ಕರೆ ಕಾಯಿಲೆ ಓಪಿಡಿಯಲ್ಲಿ ನಿಂತರೂ ಸಾಲಿನಲ್ಲಿ ಕಾಣುವವರಲ್ಲಿ ಬಹುಪಾಲು ಟೈಪ್ 2 ರೋಗಿಗಳು. ಅವರಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುತ್ತಿಲ್ಲ. ವಿಚಿತ್ರವೆಂದರೆ, ಹೋಲಿಕೆಗೆಂದು ಎಷ್ಟೋ ಪ್ರಬಂಧಗಳು ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬಳಸುತ್ತವೆ. ಅದು ಕೆಲಸ ಮಾಡುವುದೇ ಬೀಟಾ ಕೋಶವನ್ನು ಹಿಂಡಿ. ಸತ್ತ ಕೋಶವನ್ನು ಹಿಂಡಿದರೆ ಏನು ಬಂದೀತು? ಗ್ಲಿಬೆನ್‌ಕ್ಲಮೈಡ್ ಕೊಟ್ಟ ಗುಂಪಿನಲ್ಲಿ ಸಕ್ಕರೆ ಚೆನ್ನಾಗಿ ಇಳಿದಿದೆ ಎಂದರೆ ಬೀಟಾ ಕೋಶ ಪೂರ್ತಿ ಸತ್ತಿರಲಿಲ್ಲ ಎಂದೇ ಅರ್ಥ, ಆಗ ‘ನಮ್ಮ ಸಾರ ಬೀಟಾ ಕೋಶವನ್ನು ಮರಳಿ ಬೆಳೆಸಿತು’ ಎಂಬ ತೀರ್ಮಾನಕ್ಕೂ ನೆಲೆಯಿಲ್ಲ. ಮೊಹಾಲಿಯ ಔಷಧ ಸಂಶೋಧನಾ ಸಂಸ್ಥೆ ನೈಪರ್‌ನ ತಂಡ 2005ರಲ್ಲಿ ತೋರಿಸಿದ ದಾರಿ ಟೈಪ್ 2ಕ್ಕೆ ಇದಕ್ಕಿಂತ ಹತ್ತಿರ: ಎರಡು ವಾರ ಕೊಬ್ಬಿನ ಆಹಾರ ತಿನ್ನಿಸಿ, ಆಮೇಲೆ ಕಿಲೋಗೆ ಬರೀ 35 ಮಿ.ಗ್ರಾಂ ಸ್ಟ್ರೆಪ್ಟೊಜೊಟೊಸಿನ್. ತಡವಾಗುತ್ತದೆ, ಆಹಾರ ಕಲಸುವ ರಗಳೆಯೂ ಇದೆ. ಬಹುಶಃ ಅದಕ್ಕೇ ಥೀಸಿಸ್ ಗಡುವಿನ ಮುಂದೆ ಇದು ಸೋಲುತ್ತದೆ.

ಮಧುನಾಶಿನಿ, ಬೇವು, ಹಾಗಲದಂಥ ಕಹಿ ಸಾರಗಳಿಗೆ ಇನ್ನೊಂದು ಎಚ್ಚರ ಬೇಕು. ಸಾರ ಹೊಟ್ಟೆ ಕೆಡಿಸಿ ಇಲಿ ಆಹಾರ ಬಿಟ್ಟರೂ ಸಕ್ಕರೆ ಇಳಿಯುತ್ತದೆ. ದಿನದಿನದ ಆಹಾರದ ತೂಕ ಬರೆಯದೆ, ಅಷ್ಟೇ ಕಡಿಮೆ ತಿನ್ನಿಸಿದ ಜೋಡಿ ಗುಂಪನ್ನು ಇಡದೆ, ಔಷಧದ ಗುಣ ಯಾವುದು, ಉಪವಾಸದ ಗುಣ ಯಾವುದು ಎಂದು ಬೇರ್ಪಡಿಸಲಾಗದು.

ಯಕೃತ್ತಿನ ಮಾದರಿಯಲ್ಲಿ ನಡೆಯುವ ಎಡವಟ್ಟು ಇನ್ನೂ ನಾಜೂಕು. ಇಲಿಗೆ ಏಳು ದಿನ ಸಾರ ಕುಡಿಸಿ, ಕೊನೆಯ ದಿನ ಕಿಲೋಗೆ 2 ಗ್ರಾಂ ಪ್ಯಾರಾಸಿಟಮಾಲ್ ಕೊಡುತ್ತಾರೆ. ಮರುದಿನ ಯಕೃತ್ತಿನ ಹಾನಿ ತೋರುವ ರಕ್ತದ ಎಸ್‌ಜಿಪಿಟಿ, ಎಸ್‌ಜಿಒಟಿ ಕಡಿಮೆ ಏರಿದ್ದರೆ ‘ಯಕೃತ್ ರಕ್ಷಕ’ ಎಂಬ ಪಟ್ಟ. ಪ್ಯಾರಾಸಿಟಮಾಲ್ ತಾನಾಗಿ ವಿಷವಲ್ಲ. ಮುಖ್ಯವಾಗಿ ಸಿವೈಪಿ2ಇ1 ಕಿಣ್ವ ಅದನ್ನು ಎನ್‌ಎಪಿಕ್ಯೂಐ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಏಳು ದಿನ ಕುಡಿಸಿದ ಸಾರ ಆ ಕಿಣ್ವವನ್ನು ಸುಮ್ಮನಾಗಿಸಿದ್ದರೆ ವಿಷವೇ ಹುಟ್ಟುವುದಿಲ್ಲ. ಇಲ್ಲಿ ಸಾರ ಯಕೃತ್ತನ್ನು ಕಾಯಲಿಲ್ಲ, ಒಂದು ಕಿಣ್ವವನ್ನು ತಡೆಯಿತು. ಹಾಗಿದ್ದರೆ ರೋಗಿ ನುಂಗುವ ಬೇರೆ ಗುಳಿಗೆಗಳನ್ನು ಕರಗಿಸುವ ಕೆಲಸಕ್ಕೂ ಅದು ಅಡ್ಡ ಬರಬಹುದು! ಇಷ್ಟಕ್ಕೂ ಕಾಮಾಲೆಯಾದವರು ಔಷಧಕ್ಕೆ ಬರುವುದು ಯಕೃತ್ತು ಕೆಟ್ಟ ಮೇಲೆ, ಕೆಡುವ ವಾರ ಮೊದಲಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಒಂದೆರಡು ತಾಸಾದ ಮೇಲೆ ಸಾರ ಕೊಡುವ ಗುಂಪೊಂದನ್ನು ಇಟ್ಟರೆ ನಿಜ ಬಯಲಾಗುತ್ತದೆ.

ಇಲಿಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ‘ಗುಂಪಿಗೆ ಆರು’ ಎಂಬುದು ಶಾಸನವೇನಲ್ಲ, ಹಳೆಯ ರೂಢಿ. ಸರಳ ಸೂತ್ರವೊಂದಿದೆ: ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ 10ರಿಂದ 20ರೊಳಗೆ ಬರಬೇಕು. ಐದು ಗುಂಪು, ಗುಂಪಿಗೆ ಆರು ಎಂದರೆ 30 ಕಳೆ 5, ಅಂದರೆ 25, ಹೆಚ್ಚಾಯಿತು. ಗುಂಪಿಗೆ ಐದಾದರೆ 20, ಸಾಕು. ಇರುವ ಇಲಿಗಳಿಂದ ಎಷ್ಟು ಪರಿಣಾಮವನ್ನು ಗುರುತಿಸಬಹುದು ಎಂಬ ಸರಿಯಾದ ಲೆಕ್ಕ ಇದಕ್ಕಿಂತ ಮೇಲು, ಆದರೆ ಮೊದಲ ಪ್ರಯೋಗಕ್ಕೆ ಈ ಸೂತ್ರ ನಡೆಯುತ್ತದೆ. ಪಂಜರಕ್ಕೆ ಕೈಹಾಕಿ ಮೊದಲು ಸಿಕ್ಕ ಐದನ್ನು ‘ಕಂಟ್ರೋಲ್’ ಮಾಡುವುದು ಯಾದೃಚ್ಛಿಕ ಆಯ್ಕೆಯಲ್ಲ. ಸುಲಭಕ್ಕೆ ಕೈಗೆ ಸಿಗುವುದು ಮಂದವಾದ ಇಲಿ. ಚೀಟಿ ಎತ್ತಬೇಕು, ಮತ್ತು ಅಳತೆ ತೆಗೆಯುವವರಿಗೆ ಯಾವುದು ಯಾವ ಗುಂಪಿನದೆಂದು ಗೊತ್ತಿರಬಾರದು. ಅನಿಮಲ್ ಹೌಸ್ 22 ಡಿಗ್ರಿ ಆಚೀಚೆ ಮೂರು ಡಿಗ್ರಿಯೊಳಗೆ ಇರಬೇಕು ಎಂಬ ನಿಯಮ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಜನರೇಟರ್ ಇಲ್ಲದೆ ಕಾಗದದ ಮೇಲೇ ಉಳಿಯುತ್ತದೆ. ಸೆಖೆಗೆ ಇಲಿ ತಿನ್ನುವುದು ಕಡಿಮೆಯಾಗುತ್ತದೆ, ಮತ್ತೆ ಸಕ್ಕರೆಯ ಲೆಕ್ಕ ತಪ್ಪುತ್ತದೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಪ್ರೊಟೊಕಾಲ್ ನೋಡುವಾಗ ಇಲಿಗಳ ಸಂಖ್ಯೆಗೆ ಕೊಡುವಷ್ಟೇ ಗಮನವನ್ನು ಈ ವಿವರಗಳಿಗೂ ಕೊಟ್ಟರೆ ಎಷ್ಟೋ ಇಲಿಗಳ ಜೀವ ವ್ಯರ್ಥವಾಗುವುದು ತಪ್ಪುತ್ತದೆ.

ಸುರಕ್ಷತೆ: ಸಾಯಲಿಲ್ಲ ಎಂದರೆ ಸಾಲದು

ಅರ್ಧ ಪ್ರಾಣಿಗಳು ಸಾಯುವ ಪ್ರಮಾಣ ಹುಡುಕುವ ಹಳೆಯ ಎಲ್‌ಡಿ50 ಪರೀಕ್ಷೆಯನ್ನು, ಪರೀಕ್ಷಾ ಮಾರ್ಗಸೂಚಿ ರೂಪಿಸುವ ಅಂತಾರಾಷ್ಟ್ರೀಯ ಸಂಸ್ಥೆ ಒಇಸಿಡಿ 2002ರಲ್ಲೇ ಕೈಬಿಟ್ಟಿತು. ಈಗ 423ನೇ ಮಾರ್ಗಸೂಚಿಯಂತೆ ಹಂತಕ್ಕೆ ಮೂರೇ ಇಲಿ. ಕಿಲೋಗೆ 5, 50, 300, 2000 ಮಿ.ಗ್ರಾಂ ಎಂಬ ಮೆಟ್ಟಿಲುಗಳಲ್ಲಿ ಒಂದರಿಂದ ಶುರುಮಾಡಿ, ಸತ್ತವೆಷ್ಟು ನೋಡಿ ಮೇಲೆ ಅಥವಾ ಕೆಳಗೆ ಹೋಗುತ್ತಾರೆ. 14 ದಿನ ನಿಗಾ. ‘2000 ಮಿ.ಗ್ರಾಂ ಕೊಟ್ಟರೂ ಸಾಯಲಿಲ್ಲ, ಆದ್ದರಿಂದ ಸುರಕ್ಷಿತ’ ಎಂಬ ವಾಕ್ಯ ಥೀಸಿಸ್‌ಗಳಲ್ಲಿ ಮಂತ್ರದಂತೆ ಬರುತ್ತದೆ. ಒಂದು ಸಲ ನುಂಗಿ ಎರಡು ವಾರ ಬದುಕಿದ್ದು, ಆರು ತಿಂಗಳು ದಿನಾ ನುಂಗುವವರ ಮೂತ್ರಪಿಂಡದ ಬಗ್ಗೆ ಏನೂ ಹೇಳದು. ಅದಕ್ಕೆ 28 ದಿನದ, 90 ದಿನದ ಪರೀಕ್ಷೆಗಳಿವೆ.

ಇಲಿಯ ಪ್ರಮಾಣವನ್ನು ಮನುಷ್ಯರಿಗೆ ತರುವಾಗ ತೂಕದಿಂದ ನೇರ ಗುಣಿಸುವುದೂ ತಪ್ಪು. ಮೈಯ ಮೇಲ್ಮೈಗೆ ಹೊಂದಿಸುವ ಅಂಕಿಗಳಿವೆ: ಚಿಟ್ಟಿಲಿಗೆ 3, ಇಲಿಗೆ 6, ಮೊಲಕ್ಕೆ 12, ನಾಯಿಗೆ 20, ಮನುಷ್ಯರಿಗೆ 37. ಇಲಿಯಲ್ಲಿ ಕಿಲೋಗೆ 50 ಮಿ.ಗ್ರಾಂ ತನಕ ತೊಂದರೆ ಕಾಣಲಿಲ್ಲ ಎಂದರೆ 50ನ್ನು 6ರಿಂದ ಗುಣಿಸಿ 37ರಿಂದ ಭಾಗಿಸಿದರೆ ಸುಮಾರು 8. ಸುರಕ್ಷತೆಗೆ ಅದರ ಹತ್ತನೇ ಒಂದು ಪಾಲು, ಅಂದರೆ ಕಿಲೋಗೆ 0.8 ಮಿ.ಗ್ರಾಂ, 60 ಕಿಲೋದವರಿಗೆ 48 ಮಿ.ಗ್ರಾಂ ಆರಂಭದ ಪ್ರಮಾಣ. ನೇರ ಗುಣಿಸಿದ್ದರೆ 3000 ಮಿ.ಗ್ರಾಂ ಆಗುತ್ತಿತ್ತು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಪ್ರಾಣಿ ಕೈಕೊಟ್ಟ ಸಂದರ್ಭಗಳಿವೆ. 1957ರಿಂದ 1961ರವರೆಗೆ ಮಾರಾಟವಾಗಿ ಗರ್ಭಿಣಿಯರೂ ನುಂಗಿದ ಥಾಲಿಡೊಮೈಡ್ ಗುಳಿಗೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಆ ದೋಷವನ್ನು ಇಲಿ ಸರಿಯಾಗಿ ತೋರಿಸಲಿಲ್ಲ, ನ್ಯೂಜಿಲೆಂಡ್ ಬಿಳಿ ಮೊಲ ತೋರಿಸಿತು. 1993ರಲ್ಲಿ ಹೆಪಟೈಟಿಸ್-ಬಿಗೆಂದು ಪ್ರಯೋಗಿಸಿದ ಫಿಯಲುರಿಡಿನ್ 15 ಜನರಲ್ಲಿ ಐವರನ್ನು ಬಲಿ ತೆಗೆದುಕೊಂಡಿತು, ಪ್ರಾಣಿಗಳಲ್ಲಿ ಸುಳಿವೇ ಇರಲಿಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಆ್ಯಂಟಿಬಾಡಿಯನ್ನು, ಮಂಗಗಳು ತಾಳಿಕೊಂಡಿದ್ದರ 500ರಲ್ಲಿ ಒಂದು ಪಾಲಿನಷ್ಟು, ಆರು ಸ್ವಯಂಸೇವಕರಿಗೆ ಕೊಟ್ಟರು. ತಾಸೆರಡು ತಾಸಿನಲ್ಲಿ ಆರೂ ಜನರ ರೋಗನಿರೋಧಕ ವ್ಯವಸ್ಥೆ ಹುಚ್ಚೆದ್ದು ತೀವ್ರ ನಿಗಾ ಘಟಕ ಸೇರಿದರು. ಆ ಔಷಧ ಕೂರುವ ಸಿಡಿ28 ಗುರುತು ಮಂಗದ ಒಂದು ಬಗೆಯ ನೆನಪಿನ ಟಿ-ಕೋಶಗಳಲ್ಲಿ ಇರುವುದಿಲ್ಲ, ಮನುಷ್ಯರಲ್ಲಿ ಇರುತ್ತದೆ ಎಂದು ಆಮೇಲೆ ತಿಳಿಯಿತು. ಎಫ್‌ಡಿಎ ತನ್ನ ಹೊಸ ಯೋಜನೆಯನ್ನು ಆ್ಯಂಟಿಬಾಡಿಗಳಿಂದಲೇ ಶುರುಮಾಡಿದ್ದರ ಹಿಂದಿರುವುದೂ ಇಂಥದೇ ತರ್ಕ. ಮನುಷ್ಯರ ಪ್ರೋಟೀನಿಗೆಂದು ಹೊಲಿದ ಅಂಗಿ ಪ್ರಾಣಿಯ ಮೈಗೆ ಕೂರುವುದಿಲ್ಲ.

ಹಾಗಾದರೆ ಚಿಪ್? ಬೆರಳುದ್ದದ ಪಾರದರ್ಶಕ ತುಂಡಿನಲ್ಲಿ ಎರಡು ಕಿರುಗಾಲುವೆ, ನಡುವೆ ರಂಧ್ರಗಳಿರುವ ಪೊರೆ. ಒಂದು ಕಡೆ ಮನುಷ್ಯರ ಯಕೃತ್ ಕೋಶ, ಇನ್ನೊಂದು ಕಡೆ ರಕ್ತನಾಳದ ಒಳಪದರಿನ ಕೋಶ, ಎರಡರಲ್ಲೂ ಹರಿಯುವ ದ್ರವ. 2022ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನ 870 ಚಿಪ್ಪುಗಳಲ್ಲಿ 27 ಔಷಧ ಪರೀಕ್ಷಿಸಿ, ಯಕೃತ್ತಿಗೆ ಹಾನಿ ಮಾಡುವವುಗಳಲ್ಲಿ ಶೇ 87ನ್ನು ಹಿಡಿಯಿತು, ನಿರಪಾಯವಾದ ಒಂದನ್ನೂ ತಪ್ಪಾಗಿ ದೂರಲಿಲ್ಲ. ಆ ಔಷಧಗಳಲ್ಲಿ ಹಲವು ಪ್ರಾಣಿ ಪರೀಕ್ಷೆ ದಾಟಿ ಬಂದು ರೋಗಿಗಳಿಗೆ ತೊಂದರೆ ಕೊಟ್ಟಂಥವು ಎಂಬುದು ಗಮನಾರ್ಹ. ಆದರೆ ಅಧ್ಯಯನ ನಡೆಸಿದ್ದು ಚಿಪ್ ಮಾರುವ ಕಂಪನಿಯೇ, ಮತ್ತು 27 ಸಣ್ಣ ಸಂಖ್ಯೆ. ಚಿಪ್ಪಿನಲ್ಲಿ ಯಕೃತ್ತಿದೆ, ಹೊಟ್ಟೆ, ಗರ್ಭ, ನೆನಪಿನ ಶಕ್ತಿ, ವಯಸ್ಸು ಇಲ್ಲ.

ಅಮೃತಬಳ್ಳಿಯ ಸಂಗತಿ ಇಲ್ಲಿ ಪಾಠವಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕಷಾಯವಾದ ಈ ಬಳ್ಳಿಯನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿನ ಹಾನಿ ಕಂಡಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳಸಿದ್ದು ಅದೇ ಜಾತಿಯ ಬಳ್ಳಿಯೇ, ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಅಲ್ಲವೇ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಎರಡೂ ಮಾತಿನಲ್ಲಿ ತಿರುಳಿದೆ. ಮೈಯ ರೋಗನಿರೋಧಕ ಶಕ್ತಿ ತನ್ನ ಯಕೃತ್ತಿನ ಮೇಲೇ ತಿರುಗಿಬೀಳುವ ಈ ಬಗೆಯ ಹಾನಿ ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವಂಥದು. ಆರು ಇಲಿಯೂ ತೋರಿಸದು, ಚಿಪ್ಪೂ ತೋರಿಸದು. ಒಬ್ಬರಿಗೂ ತೊಂದರೆಯಾಗಲಿಲ್ಲ ಎಂದರೆ ಅಪಾಯ ಹೆಚ್ಚೆಂದರೆ ಎಷ್ಟಿರಬಹುದು ಎಂಬುದಕ್ಕೆ ಸರಳ ಲೆಕ್ಕವಿದೆ: 3ನ್ನು ಪರೀಕ್ಷಿಸಿದವರ ಸಂಖ್ಯೆಯಿಂದ ಭಾಗಿಸುವುದು. ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವ ತೊಂದರೆ ಇಲ್ಲ ಎನ್ನಲು 30,000 ಜನ ಬೇಕು. ಅಷ್ಟು ದೊಡ್ಡ ಕ್ಲಿನಿಕಲ್ ಟ್ರಯಲ್ ಅಪರೂಪ. ಆದ್ದರಿಂದ ಮಾರುಕಟ್ಟೆಗೆ ಬಂದ ಮೇಲಿನ ನಿಗಾ ಕೂಡ ಪರೀಕ್ಷೆಯ ಭಾಗವೇ. ಗುಳಿಗೆಯಿಂದಾದ ಅಡ್ಡಪರಿಣಾಮವನ್ನು 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯೇ ತಿಳಿಸಬಹುದು. ಗಿಡದ ಗುರುತಿನ ವಿಷಯವಂತೂ ಮೊದಲ ಮೆಟ್ಟಿಲು. ಹೂವು, ಕಾಯಿ ಸಮೇತ ಒಣಗಿಸಿದ ಮಾದರಿಯನ್ನು ಹರ್ಬೇರಿಯಂನಲ್ಲಿ (ಒಣ ಸಸ್ಯಮಾದರಿಗಳ ಸಂಗ್ರಹಾಲಯ) ಸಂಖ್ಯೆ ಹಾಕಿಸಿ ಇಡದೆ, ಸಂತೆಯಲ್ಲಿ ಕೊಂಡ ಒಣ ಬೇರಿನಿಂದ ಶುರುವಾದ ಸಂಶೋಧನೆ ಯಾವ ಗಿಡದ್ದು ಎಂದು ಆಮೇಲೆ ಯಾರೂ ಹೇಳಲಾರರು. ಅಂದಹಾಗೆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಿಡ ಕೀಳುವಂತಿಲ್ಲ.

ಇಲ್ಲಿ ಏನು ಮಾಡಬಹುದು

ಚಿಪ್ಪಿಗೆ ಹಣ ಹೊಂದಿಸಲಾಗದ ಲ್ಯಾಬ್ ಕೈಕಟ್ಟಿ ಕೂರಬೇಕಿಲ್ಲ. ಸೂಕ್ಷ್ಮಾಣು ವಿಭಾಗವಿದ್ದಲ್ಲಿ ಸಾರ ಡಿಎನ್‌ಎ ಕೆಡಿಸುತ್ತದೆಯೇ ಎಂದು ನೋಡುವ ಏಮ್ಸ್ (Ames) ಪರೀಕ್ಷೆ ಮಾಡಬಹುದು. ಬೆಳೆಯಲು ಬೇಕಾದ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಯಾರಿಸಲು ಬಾರದ ಸಾಲ್ಮೊನೆಲ್ಲಾ ತಳಿಗಳನ್ನು ಸಾರದೊಂದಿಗೆ 48 ತಾಸು ಬೆಳೆಸುವುದು. ಸಾರ ಡಿಎನ್‌ಎ ಕೆಡಿಸಿದರೆ ಬದಲಾದ ಬ್ಯಾಕ್ಟೀರಿಯಾ ತಾನೇ ಹಿಸ್ಟಿಡಿನ್ ಮಾಡಿಕೊಂಡು ವಸಾಹತು ಕಟ್ಟುತ್ತದೆ. ಟಿಎ100ನಂಥ ತಳಿಯಲ್ಲಿ ಕಂಟ್ರೋಲಿನ ಎರಡು ಪಟ್ಟು ವಸಾಹತು ಬಂದರೆ ಎಚ್ಚರಿಕೆ. ಇಲಿ ಯಕೃತ್ತಿನ ಕಿಣ್ವಗಳಿರುವ ಎಸ್9 ದ್ರವ ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡಬೇಕು. ಗಿಡದ ಸಾರಕ್ಕೆ ಇಲ್ಲೂ ಎರಡು ಬಲೆಗಳಿವೆ: ಸಾರದಲ್ಲೇ ಹಿಸ್ಟಿಡಿನ್ ಇದ್ದರೆ ಬ್ಯಾಕ್ಟೀರಿಯಾ ತಿಂದು ಬೆಳೆದು ಸುಳ್ಳು ಅಪಾಯ ತೋರಿಸುತ್ತದೆ. ಸಾರ ಬ್ಯಾಕ್ಟೀರಿಯಾವನ್ನೇ ಕೊಂದರೆ ಸುಳ್ಳು ಅಭಯ ಸಿಗುತ್ತದೆ. ತಟ್ಟೆಯ ಹಿನ್ನೆಲೆಯಲ್ಲಿ ತೆಳು ಹುಲ್ಲುಹಾಸಿನಂತೆ ಬೆಳೆದಿರಬೇಕಾದ ಪದರ ಮಾಯವಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡನೆಯದು ಗೊತ್ತಾಗುತ್ತದೆ.

ಕಣ್ಣಿಗೆ ಉರಿ ತರುತ್ತದೆಯೇ ಎಂದು ಮೊಲದ ಕಣ್ಣಿಗೆ ಹಾಕುತ್ತಿದ್ದ ಕಾಲ ಹೋಗಬೇಕು. ಒಂಬತ್ತು ದಿನ ಕಾವು ಕೊಟ್ಟ ಕೋಳಿ ತತ್ತಿಯ ಚಿಪ್ಪು ಬಿಡಿಸಿ, ಒಳಪೊರೆಯ ರಕ್ತನಾಳಗಳ ಮೇಲೆ 0.3 ಮಿಲಿಲೀಟರ್ ಹಾಕಿ 300 ಸೆಕೆಂಡು ನೋಡಿದರೆ ರಕ್ತಸ್ರಾವ, ನಾಳ ಕರಗುವುದು, ಹೆಪ್ಪುಗಟ್ಟುವುದು ಕಣ್ಣಿಗೇ ಕಾಣುತ್ತದೆ. ಕಿರಾಣಿ ಅಂಗಡಿಯ ತತ್ತಿ ನಡೆಯದು, ಫಲಿತ ತತ್ತಿಯನ್ನು ಹ್ಯಾಚರಿಯಿಂದಲೇ ತರಬೇಕು.

ಸಾರವನ್ನು ನಿಜವಾಗಿ ಔಷಧ ಮಾಡುವ ಹಂಬಲವಿದ್ದರೆ 2015ರಿಂದ ‘ಫೈಟೊಫಾರ್ಮಸ್ಯೂಟಿಕಲ್’ ಎಂಬ ಕಾನೂನು ದಾರಿಯಿದೆ. ಶುದ್ಧೀಕರಿಸಿದ, ಕನಿಷ್ಠ ನಾಲ್ಕು ಘಟಕಗಳ ಪ್ರಮಾಣ ಗೊತ್ತುಮಾಡಿದ ಅಂಶವಾಗಿರಬೇಕು, ಟ್ರಯಲ್‌ಗಳನ್ನು ದಾಟಬೇಕು. ಶಾಸ್ತ್ರಗ್ರಂಥದಲ್ಲಿರುವ ಆಯುರ್ವೇದ ಯೋಗಗಳಿಗೆ ಇಷ್ಟು ಕಟ್ಟುಪಾಡಿಲ್ಲ. ಮೊದಲಿನ ದಾರಿ ಹಿಡಿದವರು ಕಡಿಮೆ ಇರುವುದು ಅದರಿಂದಲೇ ಇರಬೇಕು.

ಬಾಟಲಿಗೆ ಇಲಿ ಸಾಕ್ಷಿ ಹೇಳದು

ಇದುವರೆಗಿನದೆಲ್ಲ ಹೊಸ ಔಷಧದ ಮಾತು. ದಶಕಗಳಿಂದ ಸುರಕ್ಷಿತವೆಂದು ಗೊತ್ತಿರುವ ಔಷಧ, ಈ ಬ್ಯಾಚಿನಲ್ಲಿ, ಈ ಬಾಟಲಿಯಲ್ಲಿ ಸುರಕ್ಷಿತವೇ ಎಂಬುದು ಬೇರೆಯದೇ ಪ್ರಶ್ನೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಶಂಕೆ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ತೀರ ಸಾಮಾನ್ಯ ಸಲಾಯಿನ್ ಮೇಲೆ. ಸಲಾಯಿನ್‌ನಲ್ಲಿ ಹುಡುಕುವ ವಿಷಗಳಲ್ಲಿ ಮುಖ್ಯವಾದದ್ದು ಎಂಡೊಟಾಕ್ಸಿನ್, ಅಂದರೆ ಸತ್ತ ಬ್ಯಾಕ್ಟೀರಿಯಾದ ಹೊದಿಕೆಯ ತುಣುಕು. ಬಾಟಲಿಯನ್ನು ಕುದಿಸಿ ಕ್ರಿಮಿ ಕೊಂದರೂ ಅದು ಉಳಿಯುತ್ತದೆ. ಕ್ರಿಮಿರಹಿತ ಎಂಬ ಫಲಿತಾಂಶ ಬಂದಿದ್ದರೂ ಸಲಾಯಿನ್ ಚಳಿಜ್ವರ, ಆಘಾತ ತರಬಲ್ಲದು. ಹಿಂದೆ ಮೂರು ಮೊಲಗಳಿಗೆ ಚುಚ್ಚಿ ಮೂರು ತಾಸು ಜ್ವರ ಅಳೆಯುತ್ತಿದ್ದರು. ಈಗ ಕುದುರೆಲಾಳ ಏಡಿಯ ರಕ್ತದಿಂದ ಮಾಡಿದ ಎಲ್‌ಎಎಲ್ ದ್ರವಕ್ಕೆ ಮಾದರಿ ಬೆರೆಸಿ 37 ಡಿಗ್ರಿಯಲ್ಲಿ ಒಂದು ತಾಸು ಅಲುಗಿಸದೆ ಇಟ್ಟು, ಕೊಳವೆಯನ್ನು ತಲೆಕೆಳಗೆ ಮಾಡುತ್ತಾರೆ. ಗಟ್ಟಿ ನಿಂತರೆ ಎಂಡೊಟಾಕ್ಸಿನ್ ಇದೆ. ನಡುವೆ ಯಾರಾದರೂ ಕೊಳವೆ ಎತ್ತಿ ನೋಡಿದರೆ ಗಟ್ಟಿಯಾಗುತ್ತಿದ್ದ ಜೆಲ್ ಒಡೆದು ಮತ್ತೆ ಕೂಡುವುದಿಲ್ಲ, ಕೆಟ್ಟ ಬಾಟಲಿ ಪಾಸಾಗುತ್ತದೆ. ಔಷಧಗಳ ಗುಣಮಟ್ಟ ಗೊತ್ತುಮಾಡುವ ಯುರೋಪಿನ ಫಾರ್ಮಕೋಪಿಯ ಆಯೋಗ 2024ರ ಜೂನ್‌ನಲ್ಲಿ ಮೊಲದ ಪರೀಕ್ಷೆಯನ್ನು ಪೂರ್ತಿ ತೆಗೆದುಹಾಕಲು ತೀರ್ಮಾನಿಸಿತು. ಎಂಡೊಟಾಕ್ಸಿನ್ ಅಲ್ಲದ ಜ್ವರಕಾರಕಗಳನ್ನೂ ಹಿಡಿಯಲು ಮನುಷ್ಯ ರಕ್ತದ ಮೊನೊಸೈಟ್ ಕೋಶಗಳನ್ನು ಬಳಸುವ ಪರೀಕ್ಷೆ ಆ ಜಾಗಕ್ಕೆ ಬರುತ್ತಿದೆ. ಪ್ರಾಣಿ ಬಿಡುವ ಮಾತು ಎಲ್ಲಕ್ಕಿಂತ ಮೊದಲು ನಿಜವಾಗಿರುವುದು ಈ ದಿನನಿತ್ಯದ ಬ್ಯಾಚ್ ಪರೀಕ್ಷೆಯಲ್ಲೇ.

ಮಕ್ಕಳ ಕೆಮ್ಮಿನ ಸಿರಪ್ಪಿನದು ಇನ್ನೂ ಹಳೆಯ ಕಥೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಮೂತ್ರಪಿಂಡ ಸೋತು ಸತ್ತರು. ತಯಾರಕರು ಮಾರುವ ಮುಂಚೆ ರುಚಿ, ಬಣ್ಣ, ವಾಸನೆ ನೋಡಿದ್ದರು, ಒಂದು ಇಲಿಗೂ ಕುಡಿಸಿರಲಿಲ್ಲ. ಪ್ರಾಣಿ ಪರೀಕ್ಷೆಯನ್ನು ಕಡ್ಡಾಯ ಮಾಡಿದ 1938ರ ಕಾನೂನು ಹುಟ್ಟಿದ್ದು ಆ ಸಾವುಗಳಿಂದ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳನ್ನು ಕೊಂದದ್ದೂ ಅದೇ ಡೈಎಥಿಲೀನ್ ಗ್ಲೈಕಾಲ್. ಶೇ 0.1 ದಾಟಬಾರದ್ದು ಸಿರಪ್ಪಿನ ಮಾದರಿಯಲ್ಲಿ ಶೇ 48.6 ಇತ್ತು. ಇದನ್ನು ಹಿಡಿಯಲು ಇಲಿ ಬೇಕಿಲ್ಲ, ಚಿಪ್ ಬೇಕಿಲ್ಲ. ಸಿರಪ್ಪಿಗೆ ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಡ್ರಮ್ಮು ಕಾರ್ಖಾನೆಯ ಗೇಟಿನೊಳಗೆ ಬಂದಾಗ, ಲೋಡಿಗೊಂದರಂತೆ ಅಲ್ಲ, ಪ್ರತಿ ಡ್ರಮ್ಮಿನಿಂದ ಒಂದಿಷ್ಟು ತೆಗೆದು, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಹಾಕುವುದು. ಫಲಿತಾಂಶ ಬರುವ ತನಕ ಆ ಡ್ರಮ್ಮಿಗೆ ಹಳದಿ ಚೀಟಿ ಅಂಟಿಸಿ ಬೇರೆ ಕೋಣೆಯಲ್ಲಿಡುವುದು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಒಂದು ಹುಬ್ಬಳ್ಳಿಯಲ್ಲೇ ಇದೆ. ಅಲ್ಲಿಗೆ ಮಾದರಿ ತಲುಪುವುದು ಬಾಟಲಿ ಅಂಗಡಿಗೆ ಬಂದ ಮೇಲೆ, ಎಷ್ಟೋ ಸಲ ಬಾಟಲಿ ಯಾರದೋ ಮನೆಗೆ ಹೋದ ಮೇಲೆ.